ಒಂಟಿ ಬಟ್ಟಲಿನ ನೀರು

ನಮ್ಮ ಊರಿನಲ್ಲಿ ಒಬ್ಬನೇ ಕುಳಿತು ಕುಡಿದರೆ ಸೆರೆ ಏರುವುದಿಲ್ಲ. ಏರುವುದಿರಲಿ, ಅದು ಸೆರೆಯಾಗಿಯೇ ಉಳಿಯುವುದಿಲ್ಲ. ತುಟಿಗೆ ತಾಗುವ ಹೊತ್ತಿಗೆ ನೀರಾಗಿರುತ್ತದೆ, ಅದೂ ಕೊಡದಲ್ಲಿ ಬಹಳ ದಿನ ನಿಂತ ಸಪ್ಪೆ ನೀರು. ಏರಬೇಕಾದರೆ ಎದುರಿಗೆ ಜೋಡಿ ಕುಳಿತಿರಬೇಕು, ಒಂದೇ ಬಾಟಲಿಯಿಂದ ಅವನೂ ಕುಡಿಯುತ್ತಿರಬೇಕು. ಜೋಡಿ ಅಂದರೆ ದಾರಿಯಲ್ಲಿ ಸಿಕ್ಕ ಯಾರೋ ಒಬ್ಬನಲ್ಲ. ಮೊಟ್ಟಮೊದಲ ಸಲ ಕುಡಿಯುವ ದಿನ ಯಾರ ಜೊತೆ ಒಂದೇ ಬೆಲ್ಲದ ಚೂರನ್ನು ಕಡಿದು ತಿಂದಿರುತ್ತೀರೋ ಅವನೇ ಜೋಡಿ, ಸಾಯುವ ತನಕ. ಮದುವೆ ಮಾತುಕತೆಯಲ್ಲಿ ನಮ್ಮವರು ಹುಡುಗನ ಮನೆ ಮಾರು ಕೇಳುವ ಮೊದಲು ಅವನ ಜೋಡಿ ಯಾರು ಎಂದು ಕೇಳುತ್ತಾರೆ. ನಮ್ಮಪ್ಪನೂ ಕೇಳಿದ್ದ. ದ್ಯಾಮಣ್ಣ ಅಂತ, ಸುಣ್ಣದ ಭಟ್ಟಿಯವನು, ಆನೆಯಂಥ ಆಳು, ಒಬ್ಬರ ತಂಟೆಗೆ ಹೋಗುವವನಲ್ಲ ಎಂದರು. ನಮ್ಮಪ್ಪ ಸಂತೋಷದಿಂದ ಒಪ್ಪಿಕೊಂಡ. ಜೋಡಿಯ ಗುಣ ಕೇಳಿದವನು ಗಂಡಿನ ಗುಣ ಕೇಳುವುದನ್ನು ಮರೆತಿದ್ದ.

ಊರಿಗೆ ಊರೇ ಸುಣ್ಣದ ಭಟ್ಟಿಗಳ ಮೇಲೆ ಬದುಕಿತ್ತು. ಸಂಜೆ ಕೆಲಸ ಬಿಟ್ಟು ಬರುವ ಗಂಡಸರ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿ ಪ್ರಾಯದ ಹುಡುಗರೂ ಮುದುಕರಂತೆ ಕಾಣುತ್ತಿದ್ದರು. ಗಂಟಲಿಗೆ ಇಳಿದ ಸುಣ್ಣ ತೊಳೆಯಲು ಸೆರೆ ಬೇಕೇ ಬೇಕು ಎಂಬುದು ಅವರ ಮಾತು. ನನ್ನ ಗಂಡ ಫಕೀರಪ್ಪನೂ ದ್ಯಾಮಣ್ಣನೂ ಒಂದೇ ಭಟ್ಟಿಯ ಬಾಯಲ್ಲಿ ಕಲ್ಲು ತುಂಬುವವರು. ಮೀಸೆ ಮೂಡುವ ಮೊದಲೇ ಬೆಲ್ಲ ಕಡಿದವರು. ಅಂಗಡಿಯ ಹಿಂದಿನ ಕಲ್ಲುಬೆಂಚಿನ ಮೇಲೆ ಎದುರುಬದುರು ಕುಳಿತು ಕುಡಿಯುತ್ತಿದ್ದರು. ದ್ಯಾಮಣ್ಣನಿಗೆ ಏರಿದರೆ ನಿದ್ದೆ ಬರುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಅವನು ಭಟ್ಟಿಯ ಪಕ್ಕದ ಕಾವಲು ಕೋಣೆಯಲ್ಲೇ ಇದ್ದ, ಅಲ್ಲಿಗೆ ಹೋಗಿ ಬಿದ್ದುಕೊಳ್ಳುತ್ತಿದ್ದ. ನನ್ನ ಗಂಡ ಮನೆಗೆ ಬರುತ್ತಿದ್ದ.

ಅವನು ಬರುವ ಮೊದಲು ನನಗೊಂದು ಕೆಲಸ ಇರುತ್ತಿತ್ತು. ದೀಪ ಹಚ್ಚಿದ ಕೂಡಲೇ ಚಟ್ನಿ ಅರೆಯುವ ಗುಂಡುಕಲ್ಲು, ಲಟ್ಟಣಿಗೆ, ಹಿತ್ತಾಳೆ ಚರಿಗೆ, ಒಲೆಯ ಮುಂದಿನ ಕಟ್ಟಿಗೆ, ಎತ್ತಿ ಬೀಸಬಹುದಾದದ್ದನ್ನೆಲ್ಲ ಪಕ್ಕದ ಮನೆಯ ಖಾಸಿಂಬಿಯ ಹಿತ್ತಲಿಗೆ ಸಾಗಿಸುತ್ತಿದ್ದೆ. ಬೆಳಿಗ್ಗೆ ಮತ್ತೆ ತರುತ್ತಿದ್ದೆ. ಖಾಸಿಂಬಿ ಏನೂ ಕೇಳುತ್ತಿರಲಿಲ್ಲ, ಅವುಗಳಿಗೆಂದೇ ಒಂದು ಮೂಲೆ ಗುಡಿಸಿ ಇಟ್ಟಿರುತ್ತಿದ್ದಳು. ಮನೆಯಲ್ಲಿ ಉಳಿಯುತ್ತಿದ್ದದ್ದು ಹಾಸಿಗೆ, ಬಟ್ಟೆ, ಹಿಟ್ಟಿನ ಚೀಲ. ಅವನ ಕೈಗಳನ್ನು ಮಾತ್ರ ಎಲ್ಲಿಗೂ ಸಾಗಿಸುವ ಹಾಗಿರಲಿಲ್ಲ. ಬೆಳಗಾದರೆ ಅವನಿಗೆ ಏನೂ ನೆನಪಿರುತ್ತಿರಲಿಲ್ಲ, ಅಥವಾ ಇಲ್ಲ ಎನ್ನುತ್ತಿದ್ದ. ನನ್ನ ಅತ್ತೆ ಬದುಕಿದ್ದಾಗ ನನ್ನ ಬೆನ್ನಿಗೆ ಎಣ್ಣೆ ಹಚ್ಚುತ್ತ, "ಹೊಡಿಯೋದು ಅಂವ ಅಲ್ಲವಾ ಸಾವಂತ್ರಿ, ಸೆರೆ" ಎನ್ನುತ್ತಿದ್ದಳು. ಊರೆಲ್ಲ ಹಾಗೇ ಹೇಳುತ್ತಿತ್ತು. ನನ್ನ ಮಗಳು ಕಾಶಿ ಮಾತು ತಿಳಿಯುವಷ್ಟಾದ ಮೇಲೆ ನಾನೂ ಅವಳಿಗೆ ಅದನ್ನೇ ಹೇಳಿಕೊಟ್ಟೆ. ಬೇರೆ ಏನು ಹೇಳಬಹುದಿತ್ತು?

ಆ ವರ್ಷ ಜಡ್ಡು ಬಂತು. ಗಾಳಿಯಲ್ಲಿ ಬರುತ್ತದೆ, ಉಸಿರಲ್ಲಿ ಬರುತ್ತದೆ, ಮುಟ್ಟಿದರೆ ಬರುತ್ತದೆ ಎಂದರು. ಪುರಸಭೆಯ ಆಟೋ ಓಣಿ ಓಣಿ ತಿರುಗಿ, ಯಾರೂ ಯಾರ ಎದುರಿಗೂ ಕೂರಬಾರದು ಎಂದು ಕೂಗಿಕೊಂಡು ಹೋಯಿತು. ಭಟ್ಟಿಗಳು ಆರಿದವು. ಓಣಿಗಳ ಬಾಯಿಗೆ ಹಗ್ಗ ಕಟ್ಟಿದರು. ಸೆರೆ ಅಂಗಡಿಯ ಬಾಗಿಲಿಗೆ ಅರಗು ಹಾಕಿ ಮುದ್ರೆ ಒತ್ತಿದರು. ಬೇರೆ ಊರುಗಳಲ್ಲಿ ಗಂಡಸರು ಮನೆಯಲ್ಲೇ ಬಾಟಲಿ ಬಚ್ಚಿಟ್ಟುಕೊಂಡು ಕುಡಿದರಂತೆ, ಮೊದಲಿಗಿಂತ ಹೆಚ್ಚಾಗಿಯೇ ಕುಡಿದರಂತೆ. ನಮ್ಮಲ್ಲೂ ಹಿಂದಿನ ಬಾಗಿಲಿನಿಂದ ಬಾಟಲಿ ಸಿಗುತ್ತಿತ್ತು. ಬಾಟಲಿ ಮನೆಗೆ ಬರುತ್ತಿತ್ತು, ಜೋಡಿ ಬರುವ ಹಾಗಿರಲಿಲ್ಲ.

ಮೊದಮೊದಲು ಜನ ಏನೇನೋ ಮಾಡಿ ನೋಡಿದರು. ಒಬ್ಬ ತನ್ನ ಜೋಡಿಯ ಮದುವೆ ಫೋಟೊ ಎದುರಿಗಿಟ್ಟುಕೊಂಡು ಕುಡಿದ, ನೀರೇ. ಮೊಬೈಲಿನಲ್ಲಿ ಮುಖ ನೋಡಿಕೊಂಡು ಕುಡಿದವರಿಗೂ ನೀರೇ. ಒಬ್ಬ ಮಾತ್ರ ಫೋನಿನಲ್ಲಿ ಸ್ವಲ್ಪ ಏರುತ್ತದೆ ಎಂದು ಸಾಧಿಸಿದ. ಅವನಿಗೆ ಏರಿಲ್ಲ, ಕೂಗಾಡುವುದು ರೂಢಿಯಾಗಿದೆ ಅಷ್ಟೇ ಎಂದು ಅವನ ಹೆಂಡತಿ ಕಿಟಕಿಯಿಂದಲೇ ಹೇಳಿಬಿಟ್ಟಳು. ಎದುರುಬದುರು ಮನೆಯ ಜೋಡಿಗಳದೇ ಭಾಗ್ಯ. ಮಾಳಿಗೆಯ ಮೇಲೆ ಕುಳಿತು, ಒಂದೇ ಬಾಟಲಿಯನ್ನು ಎರಡು ಮಾಡಿ ಹಗ್ಗದ ಬುಟ್ಟಿಯಲ್ಲಿ ದಾಟಿಸಿ, ಮಾಸ್ಕನ್ನು ಒಂದು ಕಿವಿಗೆ ಇಳಿಬಿಟ್ಟು ಕುಡಿಯುತ್ತಿದ್ದರು. ಮುಖ ಕಾಣುವಷ್ಟು ದೂರದವರೆಗೆ ಏರುತ್ತದೆ ಎಂದು ಆಗ ಗೊತ್ತಾಯಿತು.

ಆಮೇಲೆ ಸಾವುಗಳು ಶುರುವಾದವು. ಜೋಡಿ ಸತ್ತರೆ ಉಳಿದವನು ಒಣಗಿದ ಎನ್ನುತ್ತಾರೆ ನಮ್ಮಲ್ಲಿ. ಅವನಿಗೆ ಮತ್ತೊಂದು ಜೋಡಿ ಕೂಡುವುದಿಲ್ಲ, ಎಷ್ಟು ಬೆಲ್ಲ ಕಡಿದರೂ. ದರ್ಜಿ ಮೌನೇಶನ ಜೋಡಿಯನ್ನು ದವಾಖಾನೆಗೆ ಒಯ್ದಾಗ ಮೌನೇಶ ದಿನಾ ಹೋಗಿ ಕಿಟಕಿಯ ಕೆಳಗೆ ನಿಲ್ಲುತ್ತಿದ್ದ. ಬಾಟಲಿಯ ಅರ್ಧ ಹೇಗೋ ಮೇಲೆ ಹೋಗುತ್ತಿತ್ತು. ಮೇಲಿನವನು ಕಿಟಕಿಗೆ ಮುಖ ತಂದು ಒಂದು ಗುಟುಕು ತುಟಿಗೆ ತಾಗಿಸಿದರೆ ಕೆಳಗಿನವನು ಒಂದು ಗುಟುಕು ಕುಡಿಯುತ್ತಿದ್ದ. ಒಂದು ಸಂಜೆ ಮೇಲಿನವನು ಕಿಟಕಿಯಿಂದ ಹಿಂದಕ್ಕೆ ಸರಿದ, ಮೌನೇಶನ ಬಾಯಲ್ಲಿದ್ದ ಗುಟುಕು ಬಾಯಲ್ಲೇ ನೀರಾಯಿತು. ಅವನು ಅದನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ, ಕೆನ್ನೆ ಉಬ್ಬಿಸಿಕೊಂಡೇ ಮನೆಯ ತನಕ ನಡೆದು ಬಂದ. ದವಾಖಾನೆಯವರು ಸುದ್ದಿ ಹೇಳಿದ್ದು ಮರುದಿನ.

ನಮ್ಮ ಮನೆ ಮತ್ತು ದ್ಯಾಮಣ್ಣನ ಕೋಣೆಯ ನಡುವೆ ಮೂರು ಹಗ್ಗಗಳೂ ಒಂದು ಪೊಲೀಸ್ ಚೌಕಿಯೂ ಇದ್ದವು. ನನ್ನ ಗಂಡನಿಗೆ ಮಾಳಿಗೆಯ ಭಾಗ್ಯ ಇರಲಿಲ್ಲ. ಮೊದಲ ಕೆಲವು ದಿನ ಅವನು ಬೆವರಿದ, ನಡುಗಿದ, ಗೋಡೆಯ ಮೇಲೆ ಇಲ್ಲದ ಹುಳಗಳನ್ನು ಒರೆಸಿದ. ನಾನೂ ಕಾಶಿಯೂ ಅಡುಗೆಮನೆಯಲ್ಲೇ ಮಲಗುತ್ತಿದ್ದೆವು. ಆಮೇಲೆ ಅವನು ತಣ್ಣಗಾದ. ಬೆಳಿಗ್ಗೆ ಕಾಶಿಯ ಜೊತೆ ನಲ್ಲಿಗೆ ಹೋಗಿ ನೀರು ತಂದ. ಸೋರುತ್ತಿದ್ದ ತಗಡಿನ ಸಂದಿಗೆ ಸುಣ್ಣ ಬೆಲ್ಲ ಕಲಸಿ ಮೆತ್ತಿದ. ಒಂದು ದಿನ ರೊಟ್ಟಿ ಬಡಿಯುತ್ತೇನೆ ಎಂದು ಕುಳಿತು ಬಡಿದೂ ಬಡಿದ, ಅದಕ್ಕೆ ಯಾವ ಆಕಾರವೂ ಬರಲಿಲ್ಲ. ಕಾಶಿ ಜೋರಾಗಿ ನಕ್ಕಳು. ನಕ್ಕವಳೇ ಗಾಬರಿಯಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಪ್ಪನ ಮುಖ ನೋಡಿದಳು. ಅವನು ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಂಡು, "ನಗು, ನಗು. ನಿಮ್ಮವ್ವನೂ ನಗಲಿ" ಎಂದ. ನನಗೆ ನಗು ಬರಲಿಲ್ಲ. ಇಷ್ಟು ವರ್ಷದಿಂದ ನನ್ನ ಜೊತೆ ಸಂಸಾರ ಮಾಡಿದವನನ್ನು ನಾನು ನೋಡಿಯೇ ಇರಲಿಲ್ಲ ಅನ್ನಿಸಿತು.

ನಂಬಿಕೆ ಬಂತು ಎಂದಲ್ಲ. ಸಾಗಿಸುವುದು ಮರೆತುಹೋಯಿತು, ಅಷ್ಟೇ. ಯಾವ ಸಂಜೆ ಎಂದು ಹೇಳಲಾರೆ, ದೀಪ ಹಚ್ಚಿದ ಮೇಲೂ ಗುಂಡುಕಲ್ಲು ತನ್ನ ಜಾಗದಲ್ಲೇ ಇತ್ತು. ಬೆಳಿಗ್ಗೆ ಅದನ್ನು ಅಲ್ಲೇ ನೋಡಿ ನಾನೇ ಬೆಚ್ಚಿದೆ. ಊರಲ್ಲಿ ದಿನಾ ಹೆಣ ಏಳುತ್ತಿದ್ದವು, ತಿನ್ನಲು ಸರಿಯಾಗಿ ಇರಲಿಲ್ಲ. ಅಂಥ ಕಾಲದಲ್ಲಿ ನನ್ನ ಮನೆಯಲ್ಲಿ ನೆಮ್ಮದಿ ಇತ್ತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಆದರೆ ಇತ್ತು. ನನಗೂ ನಡುವೆ ಜ್ವರ ಬಂತು, ನಾಲಿಗೆಯ ರುಚಿ ಹೋಯಿತು, ಮತ್ತೆ ಬಂತು. ಅವನೇ ಹಣೆಗೆ ಒದ್ದೆ ಬಟ್ಟೆ ಹಾಕಿ ನೋಡಿಕೊಂಡ.

ಒಂದು ಬೆಳಿಗ್ಗೆ ಹಾಲಿನವನು ಸುದ್ದಿ ತಂದ. ದ್ಯಾಮಣ್ಣನಿಗೆ ಜಡ್ಡು ಹತ್ತಿದೆ, ಭಟ್ಟಿಯ ಕೋಣೆಯಲ್ಲಿ ಒಬ್ಬನೇ ಬಿದ್ದಿದ್ದಾನೆ, ದವಾಖಾನೆಯಲ್ಲಿ ಜಾಗವಿಲ್ಲ, ಹತ್ತಿರ ಹೋಗುವವರು ಯಾರೂ ಇಲ್ಲ. ನನ್ನ ಗಂಡ ಎದ್ದು ಅಂಗಿ ಹುಡುಕಿದ. ನನ್ನ ಗಂಡನ ಎದೆಯಲ್ಲಿ ಸುಣ್ಣ ಕೂತಿದೆ, ಈ ಜಡ್ಡು ತಗುಲಿದರೆ ಉಳಿಯುವುದಿಲ್ಲ ಎಂದು ನನ್ನ ಜ್ವರ ನೋಡಲು ಬಂದಿದ್ದ ನರ್ಸಬಾಯಿ ಮೊದಲೇ ಹೇಳಿ ಹೋಗಿದ್ದಳು. ಒಮ್ಮೆ ಜಡ್ಡು ಬಂದು ಹೋದ ನನ್ನಂಥವರಿಗೆ ಅದು ಮತ್ತೆ ಬೇಗ ಬರುವುದಿಲ್ಲ ಎಂದೂ ಹೇಳಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಅವನು ಹೊಸ್ತಿಲ ಮೇಲೆ ಕುಸಿದು ಕುಳಿತ.

"ಅಂವ ಹೋದ್ರ ನಾ ಒಣಗಿ ಹೊಕ್ಕೀನಿ, ಸಾವಂತ್ರಿ" ಎಂದ.

ಗೆಳೆಯ ಸಾಯುತ್ತಿದ್ದಾನೆ, ನಿಮಗೆ ನಿಮ್ಮ ಗಂಟಲಿನ ಚಿಂತೆಯೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡೆ. ಅವನು ನಿಜವಾಗಿಯೂ ಅಳುತ್ತಿದ್ದ. ಗೆಳೆಯನಿಗಾಗಿಯೋ ಸೆರೆಗಾಗಿಯೋ, ಅವನಿಗೂ ಬಿಡಿಸಿ ಹೇಳಲು ಆಗುತ್ತಿರಲಿಲ್ಲವೇನೋ. ನಾನು ಹೋಗುತ್ತೇನೆ ಎಂದು ಒಲೆ ಹಚ್ಚಿದೆ.

ಗಂಜಿ ಕುದಿಯುತ್ತಿದ್ದಾಗ ಖಾಸಿಂಬಿ ಹಿತ್ತಲ ಬಾಗಿಲಿಗೆ ಬಂದು ನಿಂತಳು. ದನಿ ತಗ್ಗಿಸಿ, "ಹುಚ್ಚಿ ಇದ್ದೀಯೇನ? ಬಾಯಿ ಮುಚ್ಕೊಂಡು ನಾಕ ದಿನ ಮನ್ಯಾಗ ಕುಂದ್ರು. ನೀ ಏನೂ ಮಾಡೋದು ಬ್ಯಾಡ. ದೇವರು ತಾನಾ ಮಾಡಾಕತ್ತಾನ" ಎಂದಳು.

ಅವಳು ಹೇಳಿದ್ದು ನನಗೆ ತಿಳಿಯದ್ದಲ್ಲ. ಹಾಲಿನವನು ಬಾಯಿ ತೆರೆದ ಕ್ಷಣವೇ ನನ್ನ ಎದೆಯಲ್ಲಿ ಏನೋ ಒಂದು ಹಗುರಾಗಿತ್ತು. ಆ ಹಗುರಕ್ಕೆ ಹೆದರಿಯೇ ನಾನು ಒಲೆ ಹಚ್ಚಿದ್ದು. "ಅಕ್ಕಾ, ಉಪ್ಪು ಹಾಕೀನೋ ಇಲ್ಲೋ ನೆನಪಾಗವಲ್ದು, ಒಂಚೂರು ನೋಡ" ಎಂದೆ. ಖಾಸಿಂಬಿ ನನ್ನನ್ನೇ ನೋಡಿದಳು. ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ, "ಇಲ್ಲ" ಎಂದು ತನ್ನ ಮನೆಯಿಂದಲೇ ಉಪ್ಪು ತಂದು ಹಾಕಿದಳು.

ಭಟ್ಟಿಯ ಸುತ್ತ ಸುಣ್ಣದ ಪುಡಿಯ ಮೇಲೆ ಒಂದು ಹೆಜ್ಜೆ ಗುರುತೂ ಇರಲಿಲ್ಲ. ದ್ಯಾಮಣ್ಣ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅಷ್ಟು ದೊಡ್ಡ ಆಳು ಚಿಕ್ಕವನಾಗಿದ್ದ. ನಾನು ಮಾಸ್ಕಿನ ಮೇಲೆ ಸೆರಗು ಕಟ್ಟಿಕೊಂಡು ಅವನನ್ನು ಗೋಡೆಗೆ ಒರಗಿಸಿದೆ. ಕಣ್ಣು ಬಿಟ್ಟು ಗುರುತಿಸಿದ.

"ನೀ ಯಾಕ ಬಂದಿ ತಂಗಿ?"

"ಗಂಜಿ ಆರ್ತೈತಿ. ಉಣ್ಣು."

"ನಾ ಸತ್ರ ನಿನಗ ಛಲೋ ಆಗ್ತೈತಿ. ಊರಿಗೇ ಗೊತ್ತೈತಿ."

"ನನಗೂ ಗೊತ್ತೈತಿ. ಬಾಯಿ ತೆಗಿ."

ಅವನು ನಗಲು ಹೋಗಿ ಕೆಮ್ಮಿದ. ಅರ್ಧ ಬಟ್ಟಲು ಗಂಜಿ ಇಳಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಮರುದಿನವೂ ಹೋದೆ, ಅದರ ಮರುದಿನವೂ. ಚೌಕಿಯ ಪೊಲೀಸಿನವರು ಪಾತ್ರೆ ಮೂಸಿ ನೋಡಿ ಬಿಡುತ್ತಿದ್ದರು. ಒಂದು ದಿನ ಅವನ ಉಸಿರು ಎಷ್ಟು ಕೆಟ್ಟಿತ್ತೆಂದರೆ ನಾನು ಅವನ ಬೆನ್ನು ತಟ್ಟುತ್ತ ಕುಳಿತು, ಬದುಕು ಅಣ್ಣಾ, ಹೀಗೆ ಮಾತ್ರ ನನಗೆ ಬಿಡುಗಡೆ ಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಇವನ ಸಾವಿನಿಂದ ನನ್ನ ಮನೆಗೆ ನೆಮ್ಮದಿ ಸಿಕ್ಕರೆ, ಕಾಶಿ ನಕ್ಕಾಗಲೆಲ್ಲ ನನಗೆ ಈ ಕೆಮ್ಮು ಕೇಳಿಸುತ್ತದೆ ಎಂದು ಗೊತ್ತಿತ್ತು.

ಅವನು ಬದುಕಿದ. ಎದ್ದು ಕುಳಿತು ತಾನೇ ಬಟ್ಟಲು ಹಿಡಿದ ದಿನ, ನೆಲ ನೋಡುತ್ತ ಮಾತಾಡಿದ. "ತಂಗಿ, ನಾ ಬಟ್ಟಲ ಕೆಳಗ ಇಟ್ರ ಸಾಕಾಗಿತ್ತು, ಅಂವಗ ನೀರಾಗ್ತಿತ್ತು. ನಿನ್ನ ಮಾರಿ ಮ್ಯಾಲಿನ ಬಾವು ನೋಡೀನಿ. ನೋಡಿ ಸೈತ ಸಂಜಿಗೆ ಹೋಗಿ ಕುಂದರ್ತಿದ್ದೆ. ನನಗೂ ಬೇಕಾಗಿತ್ತಲ್ಲ." ಬಟ್ಟಲು ಕೆಳಗಿಟ್ಟು, "ಏನರ ಕೇಳು. ಇಲ್ಲ ಅನ್ನಂಗಿಲ್ಲ" ಎಂದ.

ನನಗೆ ಸಿಟ್ಟು ಬಂತು. ಗಂಜಿ ಕೊಟ್ಟು ಬದಲಿಗೆ ಏನೋ ಕೇಳಲು ಬಂದವಳ ಹಾಗೆ ಮಾಡಿದನಲ್ಲ ಎಂದು. "ಪಾತ್ರಿ ತೊಳದಿಡು, ನಾಳೆ ಒಯ್ತೀನಿ" ಎಂದಷ್ಟೇ ಹೇಳಿ ಬಂದುಬಿಟ್ಟೆ.

ಮಳೆಗಾಲ ಮುಗಿಯುತ್ತಿದ್ದಂತೆ ಜಡ್ಡು ತಗ್ಗಿತು. ಹಗ್ಗಗಳನ್ನು ಬಿಚ್ಚಿದರು. ಪುರಸಭೆಯ ಆಟೋ ಮತ್ತೆ ಬಂತು, ನಾಳೆಯಿಂದ ಅಂಗಡಿ ತೆಗೆಯುತ್ತೇವೆ, ಸೆರೆ ಅಂಗಡಿಯನ್ನೂ ತೆಗೆಯುತ್ತೇವೆ ಎಂದು ಕೂಗಿತು. ಓಣಿಯ ಗಂಡಸರು ಕೇಕೆ ಹಾಕಿದರು. ಒಣಗಿದವರು ಮಾತ್ರ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನನ್ನ ಗಂಡ ಕ್ಷೌರಕ್ಕೆ ಹೋಗಿ ಬಂದ, ತಲೆಗೆ ಎಣ್ಣೆ ಹಚ್ಚಿದ, ಬಿಳಿ ಅಂಗಿಯನ್ನು ತಾನೇ ಒಗೆದು ಒಣಹಾಕಿದ. ಅವನು ಸೀಟಿ ಹಾಕುತ್ತಿದ್ದ. ಅವನ ಸಂತೋಷ ಕಂಡು ನನಗೆ ಹೆದರಿಕೆಯಾಯಿತು. ಆದರೂ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ: ಇಷ್ಟು ತಿಂಗಳು ಕಂಡ ಮನುಷ್ಯ ಎಲ್ಲಿ ಹೋಗುತ್ತಾನೆ, ಇವನೇ ಇರುತ್ತಾನೆ.

ಹಿತ್ತಲಿಗೆ ಹೋದಾಗ ಕಾಶಿಯನ್ನು ಕಂಡೆ. ಗುಂಡುಕಲ್ಲನ್ನು ಎರಡು ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ಭಾರಕ್ಕೆ ಬಾಗಿ, ಖಾಸಿಂಬಿಯ ಮನೆಯ ಕಡೆ ಹೋಗುತ್ತಿದ್ದಳು. ಲಟ್ಟಣಿಗೆ ಆಗಲೇ ಅಲ್ಲಿಗೆ ಹೋಗಿತ್ತು.

"ಯಾಕ ಒಯ್ಯಾಕತ್ತೀಯವಾ?" ಎಂದು ಕೇಳಿದೆ.

"ನಾಳೆ ತೆಗೀತಾರಂತಲ್ಲ ಯವ್ವಾ" ಎಂದಳು. ಅಳಲಿಲ್ಲ, ಹೆದರಿದಂತೆಯೂ ಇರಲಿಲ್ಲ. ನೀರು ಬಿಡುವ ಹೊತ್ತಾಯಿತು ಎಂದು ಕೊಡ ಹಿಡಿದು ಹೊರಟವಳ ಹಾಗೆ ಹೇಳಿದಳು. ನಾನು ಅವಳಿಗೆ ಓದು ಬರಹ ಕಲಿಸಲು ಆಗಿರಲಿಲ್ಲ. ಇದನ್ನು ಮಾತ್ರ ಕಲಿಸಿದ್ದೆ.

ನಾನು ಒಳಗೆ ಬಂದು ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ಸೆರಗಿಗೆ ಗಂಟು ಹಾಕಿದೆ. ಬದುಕಿರುವ ಜೋಡಿಯನ್ನು ಮುರಿಯುವ ದಾರಿ ನಮ್ಮ ಊರಿನಲ್ಲಿ ಒಂದೇ ಇದೆ. ಜೋಡಿಯಲ್ಲಿ ಒಬ್ಬ, ಎಂದೂ ಕುಡಿಯದವರೊಬ್ಬರ ಎದುರಿಗೆ ಕುಳಿತು ಹೊಸದಾಗಿ ಬೆಲ್ಲ ಕಡಿಯಬೇಕು. ಬಿಟ್ಟವನಿಗೆ ಹೊಸ ಜೋಡಿ ಕೂಡುತ್ತದೆ, ಹಿಂದೆ ಉಳಿದವನು ಒಣಗುತ್ತಾನೆ. ಹಾಗೆ ಮಾಡಿದವನ ಬೀಡಿಗೆ ಆಮೇಲೆ ಊರಲ್ಲಿ ಯಾರೂ ಬೆಂಕಿ ಕೊಡುವುದಿಲ್ಲ. ನನ್ನ ಅತ್ತೆಗೂ ಒಬ್ಬ ಜೋಡಿ ಇದ್ದಳು, ಹಬ್ಬಕ್ಕೊಮ್ಮೆ ಇಬ್ಬರೂ ಮುದುಕಿಯರು ಮೂಲೆಯಲ್ಲಿ ಕುಳಿತು ಗುಟುಕರಿಸಿ ಹಾಡುತ್ತಿದ್ದರು. ನಾನು ಮಾತ್ರ ಆ ವಾಸನೆಗೇ ಬೆನ್ನು ತಿರುಗಿಸಿದವಳು, ಒಂದು ಹನಿ ಮುಟ್ಟಿರಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಭಟ್ಟಿಯ ಸುತ್ತಲಿನ ಸುಣ್ಣ ಕಣ್ಣು ಕುಕ್ಕುತ್ತಿತ್ತು. ದ್ಯಾಮಣ್ಣ ಕೋಣೆಯ ಮುಂದೆ ಕುಳಿತು ಅಂಗಿಗೆ ಗುಂಡಿ ಹಚ್ಚುತ್ತಿದ್ದ. ಅವನೂ ನಾಳೆಗೆ ತಯಾರಾಗುತ್ತಿದ್ದ. ನಾನು ಗಂಟು ಬಿಚ್ಚಿ ಬೆಲ್ಲವನ್ನು ಅವನ ಮುಂದಿನ ಕಲ್ಲಿನ ಮೇಲೆ ಇಟ್ಟೆ. "ಏನರ ಕೇಳು ಅಂದಿದ್ದಿ, ಅಣ್ಣಾ. ಆವತ್ತು ಸಿಟ್ಟಿಗೆದ್ದು ಹೋದೆ. ಇವತ್ತು ಕೇಳಾಕ ಬಂದೀನಿ."

ಅವನು ಬೆಲ್ಲ ನೋಡಿದ, ನನ್ನನ್ನು ನೋಡಿದ. ಸೂಜಿ ಹಿಡಿದ ಕೈ ಹಾಗೇ ನಿಂತಿತು. "ನಾ ಸುಮ್ಮ ಕುಡಿಯೂದ ಬಿಟ್ಟಬಿಡ್ತೀನಿ. ಬಟ್ಟಲ ಮುಟ್ಟಂಗಿಲ್ಲ. ಅಷ್ಟ ಸಾಲೂದಿಲ್ಲೇನು?" ಎಂದ.

"ಅವರು ಎದುರಿಗೆ ಕುಂತು ಕೈ ಹಿಡಕೊಂಡು ಅತ್ರ, ಎಷ್ಟ ದಿನ ಮುಟ್ಟದಂಗ ಇರ್ತಿ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಒಂದ ದಿನ" ಎಂದ. ಆಮೇಲೆ, "ಫಕೀರ್ಯಾ ನನ್ನ ಮದುವ್ಯಾಗ ನನಗಿಂತ ಜಾಸ್ತಿ ಕುಣದಾಂವ. ನನ್ನ ಹೇಂತಿ ಹೆಣಕ್ಕ ಹೆಗಲ ಕೊಟ್ಟಾಂವ" ಎಂದು ಹೇಳುತ್ತ ಎದ್ದು ಒಳಗೆ ಹೋದ. ಬರುವುದಿಲ್ಲವೇನೋ ಅಂದುಕೊಂಡೆ. ಹೊರಸಿನ ಕೆಳಗಿನಿಂದ ಒಂದು ಬಾಟಲಿ ತಂದ, ಅರ್ಧ ಇತ್ತು. ಅಂಗಡಿಗೆ ಮುದ್ರೆ ಬಿದ್ದ ದಿನ ಅವರಿಬ್ಬರೂ ಕುಡಿದು ಉಳಿಸಿದ್ದು. ಮುಚ್ಚಳ ತೆಗೆದಾಗ ಯಾವ ವಾಸನೆಯೂ ಬರಲಿಲ್ಲ. ಅವನು ಬೆಲ್ಲದ ಚೂರನ್ನು ಹಲ್ಲಿನಲ್ಲಿ ಕಡಿದು ಉಳಿದದ್ದನ್ನು ನನಗೆ ಕೊಟ್ಟ. ನಾನು ಬಾಯಿಗೆ ಹಾಕಿಕೊಂಡೆ. ಅದು ಕರಗುವ ಮೊದಲೇ ಬಾಟಲಿಯ ಬಾಯಿಂದ ಸೆರೆಯ ಗಾಟು ಎದ್ದು ಕೋಣೆಯ ಮುಂದೆಲ್ಲ ಹಬ್ಬಿತು. ನಾನು ಇಷ್ಟು ವರ್ಷ ಹೆದರಿದ ಅದೇ ಗಾಟು, ಈಗ ನನ್ನ ಹೆಸರಿನಲ್ಲಿ.

ಒಂದೇ ಗುಟುಕು ಕುಡಿದೆ. ಗಂಟಲು ಸುಡುತ್ತ ಇಳಿಯಿತು. ಆಮೇಲೆ ಬೆನ್ನಿನ ಮೇಲಿಂದ ಯಾರೋ ಮೂಟೆ ಇಳಿಸಿದಂತಾಯಿತು. ಇದಕ್ಕೇನಾ, ಇದಕ್ಕೇ ಇವರೆಲ್ಲ ಓಡಿಹೋಗುತ್ತಿದ್ದದ್ದು ಎಂದು ಅರ್ಥವಾಯಿತು. ಅರ್ಥವಾದದ್ದಕ್ಕೆ ಭಯವಾಯಿತು. ನನ್ನ ಕೈಗಳನ್ನು ನೋಡಿಕೊಂಡೆ. ಅವು ಯಾರನ್ನೂ ಹೊಡೆಯಬೇಕು ಅನ್ನಲಿಲ್ಲ, ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಎದುರಿಗೆ ದ್ಯಾಮಣ್ಣ ಮಾಸ್ಕಿನಿಂದಲೇ ಕಣ್ಣು ಒರೆಸಿಕೊಳ್ಳುತ್ತಿದ್ದ. ಉಳಿದದ್ದನ್ನು ಅವನೇ ಸುಣ್ಣದ ಪುಡಿಗೆ ಸುರಿದ.

ಮರುದಿನ ಸಂಜೆ ನನ್ನ ಗಂಡ ಬಿಳಿ ಅಂಗಿ ಹಾಕಿಕೊಂಡು ಹೊರಟ. ನಾನು ಖಾಸಿಂಬಿಯ ಹಿತ್ತಲಿನಿಂದ ಗುಂಡುಕಲ್ಲನ್ನೂ ಲಟ್ಟಣಿಗೆಯನ್ನೂ ತಂದು ಅವುಗಳ ಜಾಗದಲ್ಲಿ ಇಟ್ಟೆ. ಕಾಶಿ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. ದೀಪ ಹಚ್ಚಿದೆ. ಓಣಿಯ ತುದಿಯಲ್ಲಿ ಹೆಜ್ಜೆ ಕೇಳಿತು. ಹೆಜ್ಜೆಗಳು ನೆಟ್ಟಗಿದ್ದವು.

ಅವನು ಒಳಗೆ ಬಂದು ಗೋಡೆಗೆ ಒರಗಿದ. "ನೀರ" ಎಂದ. "ನೀರಾತು, ಸಾವಂತ್ರಿ. ಅಂವ ಎದುರಿಗೇ ಕುಂತಿದ್ದ. ಇಬ್ರೂ ಒಂದ ಬಾಟ್ಲಿದು ಕುಡದ್ವಿ. ನೀರ." ಬಿಳಿ ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡ. "ಬ್ಯಾರೆಯವರ ಜೋಡಿ ಬೆಲ್ಲ ಕಡದಾನ. ಯಾರಂತ ಎಲ್ಲಾರೂ ಕೇಳಿದ್ರು. ಬೀಡಿ ಕಸಗೊಂಡ್ರು, ಎಬ್ಬಿಸಿ ಹೊರಗ ದಬ್ಬಿದ್ರು. ಹೇಳಲಿಲ್ಲ. ನನಗೂ ಹೇಳಲಿಲ್ಲ. ನೀ ಹೋಗಿಬರ್ತಿದ್ದಿಯಲ್ಲ, ಅಲ್ಲೆ ಯಾರರ ಹುಡುಗೋರು ಬರತಿದ್ರೇನು?"

ಸುಮ್ಮನಿದ್ದರೆ ಸಾಕಾಗಿತ್ತು. ದ್ಯಾಮಣ್ಣ ಜೀವ ಹೋದರೂ ಹೇಳುವವನಲ್ಲ. ಆದರೆ ಬಚ್ಚಿಡುವ ಕೆಲಸ ನನಗೆ ಸಾಕಾಗಿಹೋಗಿತ್ತು.

"ನಾನಾ" ಎಂದೆ.

ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವನ ಮುಖ ಆ ಹಳೆಯ ಮುಖವಾಯಿತು, ನಾನು ದಿನಾ ಕಂಡ ಮುಖ. ಸೆರೆಯೇ ಇಲ್ಲದೆ ಅದು ಹಾಗೇ ಬಂತು. ಬಾಗಿದ, ಗುಂಡುಕಲ್ಲು ಎತ್ತಿದ. ಕೈ ತಲೆಯ ಮೇಲಕ್ಕೆ ಹೋಯಿತು. ಬಾಗಿಲ ಹಿಂದೆ ಕಾಶಿಯ ಉಸಿರು ಕೇಳಿಸಿತು. ನಾನು ಓಡಲಿಲ್ಲ.

"ಇವತ್ತು ನಿಮ್ಮ ಹೊಟ್ಟ್ಯಾಗ ಸೆರೆ ಇಲ್ಲ" ಎಂದೆ. "ಹೊಡೀರಿ. ಹೊಡದ್ರ ನೀವಾ ಹೊಡದಂಗ."

ಕೈ ಅಲ್ಲೇ ನಿಂತಿತು. ಅವನು ತಲೆಯೆತ್ತಿ ಆ ಕೈಯನ್ನೂ ಅದರಲ್ಲಿದ್ದ ಕಲ್ಲನ್ನೂ ನೋಡಿದ. ಅದು ಯಾರದೆಂದು ಗೊತ್ತಾಗದವನಂತೆ ಬಹಳ ಹೊತ್ತು ನೋಡಿದ. ಹೊರಗೆ ಯಾರೋ ಜೋಡಿ ನಗುತ್ತ ಓಣಿ ದಾಟಿ ಹೋದರು. ಆಮೇಲೆ ಕೈ ಮೆಲ್ಲಗೆ ಇಳಿಯಿತು. ಕಲ್ಲನ್ನು ಅದರ ಜಾಗದಲ್ಲೇ ಇಟ್ಟ, ಸದ್ದಾಗದಂತೆ. ನೆಲದ ಮೇಲೆ ಕುಳಿತು ಎರಡೂ ಕೈಗಳನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡ.

ನನ್ನ ಕಡೆ ನೋಡದೆ, "ಬೆಲ್ಲ ಕಡಿಯುವಾಗ ಅಂವ ಅತ್ನೇನು?" ಎಂದು ಕೇಳಿದ.

"ಹೂಂ. ಅತ್ತ."

ಅಷ್ಟಕ್ಕೇ ಅವನು ಅತ್ತುಬಿಟ್ಟ. ಸಮಾಧಾನ ಮಾಡಲು ನನಗೆ ಕೈ ಬರಲಿಲ್ಲ, ಅಲ್ಲಿಂದ ಎದ್ದು ಹೋಗಲೂ ಆಗಲಿಲ್ಲ. ಅವನು ಕಳೆದುಕೊಂಡದ್ದು ಸೆರೆಯೊಂದನ್ನೇ ಅಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಕಸಿದುಕೊಂಡವಳು ನಾನು ಎಂಬುದೂ ಗೊತ್ತಿತ್ತು. ಆದರೂ ಮಾಡಿದ್ದಕ್ಕೆ ದುಃಖ ಬರಲಿಲ್ಲ.

ಕಾಶಿ ಬಾಗಿಲ ಹಿಂದಿನಿಂದ ಬಂದಳು. ಅಪ್ಪನನ್ನು ಸುತ್ತಿಕೊಂಡು ಬಂದು ಗುಂಡುಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ಪಿಸುದನಿಯಲ್ಲಿ, "ಯವ್ವಾ, ಒಯ್ದು ಇಟ್ಟ ಬರ್ಲೇನು?" ಎಂದು ಕೇಳಿದಳು.

"ಬ್ಯಾಡ, ಅಲ್ಲೇ ಇರಲಿ" ಎಂದೆ. "ಚಟ್ನಿ ಅರೀಬೇಕು."